ಉಕ್ಕಿನ ರಚನೆಗಳಿಗೆ ತುಕ್ಕಿನಿಂದ ರಕ್ಷಣೆ: ಬಣ್ಣ ಮತ್ತು ಲೇಪಗಳ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಮನೆಯ ತಾರಸಿಯ ಮೇಲಿನ ತಗಡಿನ ಚಾವಣಿ, ಅಡಿಕೆ ಒಣಗಿಸುವ ಅಂಗಳದ ಚಪ್ಪರ, ಶಾಲೆಯ ರಂಗಮಂಟಪ, ಬಸ್ ತಂಗುದಾಣ, ನೀರಿನ ಟ್ಯಾಂಕಿನ ಅಟ್ಟಣಿಗೆ, ಹೊಳೆ ದಾಟುವ ಕಾಲುಸಂಕ ಮುಂತಾದವು ಈಗ ಬಹುಮಟ್ಟಿಗೆ ಉಕ್ಕಿನಿಂದಲೇ ನಿರ್ಮಾಣವಾಗುತ್ತಿವೆ. ಇವುಗಳಿಗೆ ಪರವಾನಗಿ, ಅನುದಾನ ಅಥವಾ ದುರಸ್ತಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಅಂದಾಜು ಪಟ್ಟಿಯಲ್ಲಿ ಕಂಬದ ಅಳತೆ, ತಗಡಿನ ದಪ್ಪ, ಕಾಂಕ್ರೀಟಿನ ಪ್ರಮಾಣ ಇವುಗಳನ್ನು ವಿವರವಾಗಿ ನಮೂದಿಸುತ್ತಾರೆ. ಬಣ್ಣದ ವಿಷಯಕ್ಕೆ ಬಂದಾಗ ಮಾತ್ರ ‘ಪ್ರೈಮರ್ ಮತ್ತು ಎರಡು ಲೇಪ ಬಣ್ಣ’ ಎಂಬ ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿಯಾಗಿದೆ. ರಚನೆಯು ಐದು ವರ್ಷ ಬಾಳುವುದೋ ಇಪ್ಪತ್ತೈದು ವರ್ಷ ಬಾಳುವುದೋ ಎಂಬುದು ಬಹುಪಾಲು ಸದರಿ ಸಾಲನ್ನೇ ಅವಲಂಬಿಸಿರುವುದರಿಂದ, ಅರ್ಜಿದಾರರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಉಕ್ಕಿಗೆ ತುಕ್ಕು ಹಿಡಿಯುವ ಬಗೆ

ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಉಕ್ಕಿನ ಮೇಲ್ಮೈಯಲ್ಲಿ ತೇವದ ತೆಳುಪದರ ಕುಳಿತಾಗ ಒಂದು ಭಾಗದಲ್ಲಿ ಕಬ್ಬಿಣವು ಕರಗುತ್ತದೆ, ಪಕ್ಕದ ಭಾಗದಲ್ಲಿ ಆಮ್ಲಜನಕವು ಬಳಕೆಯಾಗುತ್ತದೆ. ಎರಡರ ನಡುವೆ ಅತಿ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ. ಮಳೆಯೇ ಬೀಳಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60ನ್ನು ಮೀರಿದರೆ ಈ ಕ್ರಿಯೆ ಗಮನಾರ್ಹವಾಗಿ ಆರಂಭವಾಗುತ್ತದೆ. ಸಮುದ್ರದ ಉಪ್ಪು ಸೇರಿದಾಗ ತೇವವು ಬೇಗ ಆರುವುದಿಲ್ಲ, ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆದುದರಿಂದ ಕರಾವಳಿಯಲ್ಲಿ ಸವೆತವು ಹಲವು ಪಟ್ಟು ವೇಗವಾಗುತ್ತದೆ. ಅಲ್ಯೂಮಿನಿಯಂ ಲೋಹದ ಮೇಲೆ ಉಂಟಾಗುವ ಪದರವು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲವಾಗಿ ಉಬ್ಬಿ ಉದುರುವುದರಿಂದ ಅದಕ್ಕೆ ಆ ಗುಣವಿಲ್ಲ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಳೆಗೆ ನೇರವಾಗಿ ಒಡ್ಡಿಕೊಂಡ ಭಾಗಕ್ಕಿಂತ, ಸೂರಿನ ಕೆಳಗೆ ಮಳೆ ತಾಗದ ಭಾಗದಲ್ಲಿ ಅನೇಕ ವೇಳೆ ತುಕ್ಕು ಹೆಚ್ಚಾಗಿರುತ್ತದೆ. ಬಿರುಮಳೆಯು ಉಪ್ಪನ್ನು ತೊಳೆದು ಹಾಕುತ್ತದೆ. ಸೂರಿನ ಅಡಿಯಲ್ಲಿ ಕುಳಿತ ಉಪ್ಪು ವರ್ಷವಿಡೀ ಹಾಗೆಯೇ ಉಳಿದು ರಾತ್ರಿಯ ತೇವವನ್ನು ಹೀರುತ್ತಿರುತ್ತದೆ. ಪರಿಶೀಲನೆಯ ವೇಳೆ ಕೆಳಗಿನಿಂದ ಮೇಲೆ ನೋಡುವ ಅಭ್ಯಾಸ ಇರಬೇಕೆಂದು ಹೇಳುವುದು ಈ ಕಾರಣಕ್ಕಾಗಿ.

ನಮ್ಮ ಊರು ಯಾವ ವರ್ಗಕ್ಕೆ ಸೇರುತ್ತದೆ?

ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 12944 ವಾತಾವರಣವನ್ನು ಅದರ ಸವೆತದ ಶಕ್ತಿಗೆ ಅನುಗುಣವಾಗಿ ಸಿ1ರಿಂದ ಸಿ5ರವರೆಗೆ, ಅದಕ್ಕೂ ಮಿಗಿಲಾದುದನ್ನು ಸಿಎಕ್ಸ್ ಎಂದು ವಿಂಗಡಿಸಿದೆ. ಲೇಪವಿಲ್ಲದ ಸಾಮಾನ್ಯ ಉಕ್ಕು ಮೊದಲ ವರ್ಷದಲ್ಲಿ ಸಿ2 ವಾತಾವರಣದಲ್ಲಿ 25 ಮೈಕ್ರಾನಿನವರೆಗೆ, ಸಿ3ರಲ್ಲಿ 25ರಿಂದ 50, ಸಿ4ರಲ್ಲಿ 50ರಿಂದ 80, ಸಿ5ರಲ್ಲಿ 80ರಿಂದ 200 ಮೈಕ್ರಾನ್ ಸವೆಯುತ್ತದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಸಮುದ್ರದಿಂದ ದೂರದ ಒಣ ಹವೆಯ ಗ್ರಾಮಾಂತರ ಪ್ರದೇಶವನ್ನು ಸಿ2 ಎಂದು, ಸಾಧಾರಣ ಮಾಲಿನ್ಯವಿರುವ ಪಟ್ಟಣವನ್ನು ಸಿ3 ಎಂದು, ಕಡಲ ಅಲೆಗಳ ತುಂತುರು ಗಾಳಿಯಲ್ಲಿ ಬರುವ ತೀರವನ್ನು ಸಿ5 ಎಂದು ಸ್ಥೂಲವಾಗಿ ಭಾವಿಸಬಹುದು. ಹೀಗಾಗಿ ಬಯಲುಸೀಮೆಯಲ್ಲಿ ಬಾಳಿದ ಬಣ್ಣವು ಮಲ್ಪೆ ಅಥವಾ ಕಾರವಾರದ ಕಡಲಂಚಿನಲ್ಲಿ ಬಾಳಲಿಲ್ಲವೆಂದರೆ ಬಣ್ಣದ ತಯಾರಕರನ್ನು ದೂರಿ ಪ್ರಯೋಜನವಿಲ್ಲ. ಸೆಗಣಿ, ಗಂಜಲದ ಆವಿಯಿರುವ ದನದ ಕೊಟ್ಟಿಗೆ, ರಸಗೊಬ್ಬರ ಶೇಖರಿಸುವ ಕೊಠಡಿ ಇವುಗಳೊಳಗಿನ ಹವೆಯೂ ಹೊರಗಿನದಕ್ಕಿಂತ ತೀಕ್ಷ್ಣವಾಗಿರಬಹುದು.

ಮೇಲ್ಮೈ ಸಿದ್ಧಪಡಿಸುವುದು

ಬಣ್ಣ ಬೇಗ ಕೆಡಲು ಸಾಮಾನ್ಯ ಕಾರಣ ಬಣ್ಣದ ಗುಣಮಟ್ಟಕ್ಕಿಂತ ಅದರ ಅಡಿಯ ಮೇಲ್ಮೈ ಆಗಿರುತ್ತದೆ. ಕಾರ್ಖಾನೆಯಿಂದ ಬರುವ ಆಂಗಲ್, ಚಾನೆಲ್ ಮತ್ತು ಪೈಪುಗಳ ಮೇಲೆ ನೀಲಿಗಪ್ಪು ಬಣ್ಣದ ನುಣುಪಾದ ಹೊಪ್ಪಳಿಕೆ ಇರುತ್ತದೆ. ಇದಕ್ಕೆ ಮಿಲ್ ಸ್ಕೇಲ್ ಎನ್ನುತ್ತಾರೆ. ನೋಡಲು ಇದೇ ಒಂದು ಲೇಪದಂತೆ ಕಂಡರೂ ಕಾಲಕ್ರಮೇಣ ಬಿರುಕು ಬಿಟ್ಟು ತನ್ನೊಡನೆ ಮೇಲಿನ ಬಣ್ಣವನ್ನೂ ಕಿತ್ತುಕೊಂಡು ಉದುರುತ್ತದೆ. ತಂತಿ ಬ್ರಷ್ಷಿನಿಂದ ಸಡಿಲವಾದ ತುಕ್ಕು ಹೋಗುತ್ತದೆ, ಮಿಲ್ ಸ್ಕೇಲ್ ಪೂರ್ತಿ ಹೋಗುವುದಿಲ್ಲ. ಗಾಳಿಯ ಒತ್ತಡದಲ್ಲಿ ಕಾಪರ್ ಸ್ಲಾಗ್ ಅಥವಾ ಉಕ್ಕಿನ ಹರಳುಗಳನ್ನು ಹೊಡೆಯುವ ಬ್ಲಾಸ್ಟಿಂಗ್ ವಿಧಾನವೇ ಅದಕ್ಕೆ ತಕ್ಕ ಉಪಾಯ. ಎಪಾಕ್ಸಿ ಜಾತಿಯ ಲೇಪಗಳಿಗೆ ಸಾಮಾನ್ಯವಾಗಿ ಎಸ್‌ಎ 2½ ಎಂಬ ಸ್ವಚ್ಛತೆಯ ಮಟ್ಟವನ್ನು ನಿಗದಿಪಡಿಸಲಾಗುತ್ತದೆ. ಆ ಮಟ್ಟದಲ್ಲಿ ಉಕ್ಕು ಬೂದುಬಿಳಿಯಾಗಿ ಕಾಣಬೇಕು, ಹಳೆಯ ಕಲೆಗಳ ಛಾಯೆ ಮಾತ್ರ ಅಲ್ಲಲ್ಲಿ ಉಳಿದಿರಬಹುದು. ಹೀಗೆ ಶುಚಿಯಾದ ಉಕ್ಕಿಗೆ ಕರಾವಳಿಯ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕಿನ ಛಾಯೆ ಬರುವುದರಿಂದ ಅದೇ ದಿನ ಪ್ರೈಮರ್ ಹಚ್ಚತಕ್ಕದ್ದು.

ಬ್ಲಾಸ್ಟಿಂಗ್ ಮಾಡಿಸಲು ಸಾಧ್ಯವಿಲ್ಲದ ಸಣ್ಣ ಕಾಮಗಾರಿಗಳಲ್ಲಿ ಈ ಕ್ರಮ ಅನುಸರಿಸುವುದು: ಮೊದಲು ಎಣ್ಣೆ, ಜಿಡ್ಡನ್ನು ಥಿನ್ನರ್ ಅಥವಾ ಸೋಪಿನ ನೀರಿನಿಂದ ತೆಗೆಯುವುದು, ಬಳಿಕ ಸಿಹಿನೀರಿನಿಂದ ಚೆನ್ನಾಗಿ ತೊಳೆದು ಉಪ್ಪನ್ನು ಕಳೆಯುವುದು, ಒಣಗಿದ ಮೇಲೆ ಗ್ರೈಂಡರಿಗೆ ತಂತಿಯ ಚಕ್ರ ಜೋಡಿಸಿ ತುಕ್ಕನ್ನು ಉಜ್ಜುವುದು, ವೆಲ್ಡಿಂಗಿನ ಕಿಟ್ಟ ಮತ್ತು ಸಿಡಿದ ಹನಿಗಳನ್ನು ಕೆತ್ತಿ ತೆಗೆಯುವುದು, ಚೂಪಾದ ಅಂಚುಗಳನ್ನು ಸವರಿ ದುಂಡಗಾಗಿಸುವುದು. ತೊಳೆಯುವ ಮೊದಲೇ ಉಜ್ಜಿದರೆ ಜಿಡ್ಡು ಮತ್ತು ಉಪ್ಪು ಉಕ್ಕಿನ ಗೀರುಗಳೊಳಗೆ ಸೇರಿಕೊಳ್ಳುತ್ತವೆ. ಚೂಪಾದ ಅಂಚಿನಲ್ಲಿ ಹಸಿಬಣ್ಣವು ಹಿಂದೆ ಸರಿದು ತೆಳುವಾಗುವುದರಿಂದ ಅಂಚು, ಬೋಲ್ಟು ಮತ್ತು ಬೆಸುಗೆಯ ಸಾಲುಗಳಿಗೆ ಮೊದಲು ಬ್ರಷ್ಷಿನಲ್ಲಿ ಒಂದು ಹೆಚ್ಚುವರಿ ಲೇಪ ಕೊಡುವುದು ಅಗತ್ಯ.

ಬಣ್ಣದ ಪದರಗಳು

ಪ್ರೈಮರ್ ಉಕ್ಕಿಗೆ ಅಂಟಿಕೊಂಡು ತುಕ್ಕನ್ನು ತಡೆಯುತ್ತದೆ. ನಡುವಿನ ಪದರವು ದಪ್ಪ ಕೊಟ್ಟು ತೇವದ ದಾರಿಯನ್ನು ಉದ್ದವಾಗಿಸುತ್ತದೆ. ಮೇಲಿನ ಪದರವು ಬಿಸಿಲು ಮತ್ತು ಮಳೆಯನ್ನು ತಾಳುತ್ತದೆ. ಮನೆಯ ಗೇಟು, ಕಿಟಕಿಯ ಸರಳು ಮುಂತಾದವುಗಳಿಗೆ ಒಳನಾಡಿನಲ್ಲಿ ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಸಿಂಥೆಟಿಕ್ ಎನಾಮೆಲ್ ಸಾಕಾಗುತ್ತದೆ. ಆದರೆ ಪ್ರೈಮರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಕೆಂಪು ಬಣ್ಣವೂ ಒಂದೇ ಅಲ್ಲ. ಕೆಂಪು ಬಣ್ಣ ಕೊಡುವ ಆಕ್ಸೈಡಿಗೆ ತುಕ್ಕು ತಡೆಯುವ ಶಕ್ತಿ ಸ್ವತಃ ಅಷ್ಟಾಗಿ ಇಲ್ಲ, ಅದರೊಂದಿಗೆ ಸೇರಿಸುವ ಜಿಂಕ್ ಕ್ರೋಮೇಟ್ ಅಥವಾ ಜಿಂಕ್ ಫಾಸ್ಫೇಟಿಗೆ ಅದು ಇದೆ. ಕ್ರೋಮೇಟ್ ಆರೋಗ್ಯಕ್ಕೆ ಹಾನಿಕರವಾದುದರಿಂದ ಫಾಸ್ಫೇಟ್ ಇರುವುದನ್ನು ಕೇಳಿ ಪಡೆಯುವುದು ಲೇಸು.

ತೀರಪ್ರದೇಶದ ಮುಖ್ಯ ರಚನೆಗಳಿಗೆ ಸತುವಿನ ಪುಡಿ ಸಮೃದ್ಧವಾಗಿರುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎಪಾಕ್ಸಿಯ ದಪ್ಪ ಪದರ, ಕೊನೆಗೆ ಪಾಲಿಯುರೆಥೇನ್ ಹೊರಲೇಪ ಎಂಬ ಮೂರು ಹಂತದ ಪದ್ಧತಿ ಪ್ರಚಲಿತದಲ್ಲಿದೆ. ಎಪಾಕ್ಸಿಯು ಗಟ್ಟಿಯಾದ ಲೇಪವಾದರೂ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುವುದರಿಂದ ಅದನ್ನೇ ಹೊರಪದರವಾಗಿ ಬಿಡಬಾರದು. ಇದು ಎರಡು ಡಬ್ಬಗಳಲ್ಲಿ ಬರುತ್ತದೆ. ತಯಾರಕರು ಸೂಚಿಸಿದ ಪ್ರಮಾಣದಲ್ಲಿಯೇ ಬೆರೆಸಿ, ಸೂಚಿಸಿದ ಅವಧಿಯೊಳಗೆ ಬಳಸಿ ಮುಗಿಸತಕ್ಕದ್ದು. ಗಟ್ಟಿಯಾಗತೊಡಗಿದ ಮಿಶ್ರಣಕ್ಕೆ ಥಿನ್ನರ್ ಸುರಿದು ಮತ್ತೆ ತೆಳುಮಾಡುವುದು ಕೆಲಸಗಾರರಲ್ಲಿ ಕಂಡುಬರುವ ಅಭ್ಯಾಸ. ಅಂತಹ ಲೇಪವು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ರಾಮೇಶ್ವರಕ್ಕೆ ಸಮುದ್ರದ ಮೇಲೆ ಹೋಗುವ ಪಾಂಬನ್ ರೈಲು ಸೇತುವೆಯ ಉದಾಹರಣೆ ಇಲ್ಲಿ ಉಚಿತ. 1914ರಲ್ಲಿ ತೆರೆದ ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ಸಂಚಾರ ನಿಂತಿತು. ತೆರೆಯಬಲ್ಲ ಅಂಕಣಕ್ಕೆ ಹಿಡಿದ ತುಕ್ಕು ಅದಕ್ಕೆ ಕಾರಣವಾಗಿತ್ತು. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ಸೇತುವೆಗೆ ಪಾಲಿಸೈಲಾಕ್ಸೇನ್ ಎಂಬ ಉನ್ನತ ದರ್ಜೆಯ ಲೇಪವನ್ನು ಬಳಸಲಾಗಿದೆ.

ಸತುವಿನ ಲೇಪ

ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕರಗಿದ ಸತುವಿನಲ್ಲಿ ಉಕ್ಕನ್ನು ಅದ್ದಿ ತೆಗೆಯುವ ಗ್ಯಾಲ್ವನೈಸಿಂಗ್ ಜನರಿಗೆ ಜಿ.ಐ. ಎಂಬ ಹೆಸರಿನಿಂದ ಪರಿಚಿತವಾಗಿದೆ. ಗೀರು ಬಿದ್ದ ಕಡೆಯೂ ಸತುವು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಆದರೆ ‘ಜಿ.ಐ.’ ಎಂಬ ಎರಡಕ್ಷರದಿಂದ ಸತುವು ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಚಾವಣಿಯ ತಗಡಿನಲ್ಲಿ 275 ದರ್ಜೆಯೆಂದರೆ ಎರಡೂ ಬದಿ ಸೇರಿ ಪ್ರತಿ ಚದರ ಮೀಟರಿಗೆ 275 ಗ್ರಾಂ ಸತು; ಒಂದು ಬದಿಗೆ ಲೆಕ್ಕ ಹಾಕಿದರೆ ಸುಮಾರು 19 ಮೈಕ್ರಾನ್. 120 ದರ್ಜೆಯಲ್ಲಿ ಇದು 8 ಮೈಕ್ರಾನಿನಷ್ಟು ಮಾತ್ರ. ದಪ್ಪ ಉಕ್ಕಿನ ಆಂಗಲ್‌ಗಳನ್ನು ಅದ್ದಿ ತೆಗೆದಾಗ ಪ್ರತಿ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್ ದೊರೆಯುತ್ತದೆ. ಸಿ3 ವಾತಾವರಣದಲ್ಲಿ ಸತುವು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್, ಸಿ5ರಲ್ಲಿ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಭಾಗಾಕಾರ ಮಾಡಿ ನೋಡಿದರೆ, 275 ದರ್ಜೆಯ ತಗಡಿನ ಸತುವು ಒಳನಾಡಿನ ಪಟ್ಟಣದಲ್ಲಿ 9ರಿಂದ 27 ವರ್ಷ ಬಾಳಬಹುದು. ಅದೇ ತಗಡು ಕಡಲಂಚಿನಲ್ಲಿ 2ರಿಂದ 5 ವರ್ಷದೊಳಗೆ ಸತುವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಖರೀದಿಯ ಬಿಲ್ಲಿನಲ್ಲಿ ದಪ್ಪದ ಜೊತೆಗೆ ದರ್ಜೆಯನ್ನೂ ಬರೆಸಿಕೊಳ್ಳತಕ್ಕದ್ದು.

ಹೊಸ ಜಿ.ಐ. ಮೇಲ್ಮೈಗೆ ಸಾಮಾನ್ಯ ಎನಾಮೆಲನ್ನು ನೇರವಾಗಿ ಬಳಿದರೆ ಅದರಲ್ಲಿನ ಎಣ್ಣೆಯು ಸತುವಿನೊಡನೆ ವರ್ತಿಸಿ ಸಾಬೂನಿನಂತಹ ಪದರವುಂಟಾಗುತ್ತದೆ, ಬಣ್ಣವು ಹಾಳೆಹಾಳೆಯಾಗಿ ಸುಲಿಯುತ್ತದೆ. ಇದಕ್ಕೆ ಎಚ್ ಪ್ರೈಮರ್ ಅಥವಾ ಸತುವಿಗೆ ಒಗ್ಗುವ ಎಪಾಕ್ಸಿ ಪ್ರೈಮರ್ ಬೇಕು. ಜಿ.ಐ. ಪೈಪನ್ನು ವೆಲ್ಡ್ ಮಾಡಿದಲ್ಲಿ ಸತುವು ಸುಟ್ಟುಹೋಗುತ್ತದೆ. ಆ ಜಾಗವನ್ನು ಉಜ್ಜಿ ಸತು ಸಮೃದ್ಧ ಬಣ್ಣ ಹಚ್ಚಬೇಕು. ಅಲ್ಯೂಮಿನಿಯಂ ಬಣ್ಣ ಹಚ್ಚಿ ಹೊಳಪಿನಲ್ಲಿ ಮರೆಮಾಡಿದರೆ ಸಾಲದು. ಬೆಸುಗೆಯ ಬಿಳಿ ಹೊಗೆ ಉಸಿರಾಡಿದ ಕೆಲಸಗಾರರಿಗೆ ಸಂಜೆ ಚಳಿಜ್ವರ ಬರುವುದುಂಟು. ಚಾವಣಿಗೆ ಸ್ಕ್ರೂ ಕೊರೆದಾಗ ಬೀಳುವ ಕಬ್ಬಿಣದ ಚೂರುಗಳನ್ನು ಅಂದೇ ಗುಡಿಸಿ ತೆಗೆಯದಿದ್ದರೆ ಮೊದಲ ಮಳೆಗೇ ತಗಡಿನ ತುಂಬ ಕೆಂಪು ಚುಕ್ಕೆಗಳೇಳುತ್ತವೆ.

ಡಬ್ಬಗಳ ಲೆಕ್ಕ

ಬಣ್ಣ ಸಾಕಷ್ಟು ಬಳಿದಿದ್ದಾರೆಯೇ ಎಂದು ತಿಳಿಯಲು ಅಭಿಯಂತರರೇ ಆಗಬೇಕೆಂದಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಬಣ್ಣದ ತಾಂತ್ರಿಕ ವಿವರಪತ್ರದಲ್ಲಿ ‘ಗಾತ್ರದಲ್ಲಿ ಘನಾಂಶ ಶೇಕಡಾ ಇಷ್ಟು’ ಎಂದು ನಮೂದಿಸಿರುತ್ತಾರೆ. ಆ ಸಂಖ್ಯೆಯನ್ನು 10ರಿಂದ ಗುಣಿಸಿ, ಬೇಕಾದ ಒಣಪದರದ ಮೈಕ್ರಾನಿನಿಂದ ಭಾಗಿಸಿದರೆ ಒಂದು ಲೀಟರಿಗೆ ಎಷ್ಟು ಚದರ ಮೀಟರ್ ಬಳಿಯಬಹುದೆಂಬುದು ಬರುತ್ತದೆ.

ಉದಾಹರಣೆಗೆ, 50x50x6 ಮಿ.ಮೀ. ಆಂಗಲ್‌ನ ತೂಕ ಮೀಟರಿಗೆ 4.5 ಕಿಲೋ. ಒಂದು ಟನ್ನಿಗೆ ಸುಮಾರು 222 ಮೀಟರ್ ಉದ್ದ ಬರುತ್ತದೆ. ಅದರ ಸುತ್ತಲಿನ ಮೇಲ್ಮೈ ಸುಮಾರು 43 ಚದರ ಮೀಟರ್. ಮೂರು ಟನ್ನಿನ ಟ್ರಸ್ಸುಗಳಾದರೆ ಸುಮಾರು 130 ಚದರ ಮೀಟರ್. ಶೇ. 50 ಘನಾಂಶದ ಪ್ರೈಮರನ್ನು 50 ಮೈಕ್ರಾನ್ ದಪ್ಪಕ್ಕೆ ಬಳಿದರೆ ಲೀಟರಿಗೆ 10 ಚದರ ಮೀಟರ್, ಒಟ್ಟು 13 ಲೀಟರ್. ಬ್ರಷ್ಷು, ಡಬ್ಬಗಳಲ್ಲಿ ಉಳಿದು ವ್ಯರ್ಥವಾಗುವುದನ್ನು ಸೇರಿಸಿ 15 ಲೀಟರ್ ಬೇಕು. ಸ್ಥಳದಲ್ಲಿ 8 ಲೀಟರಿನ ಖಾಲಿ ಡಬ್ಬಗಳಷ್ಟೇ ಇದ್ದರೆ ಒಂದೋ ಬಣ್ಣವು ತೆಳುವಾಗಿದೆ, ಇಲ್ಲವೇ ಕಾಣದ ಬದಿಗಳನ್ನು ಬಿಡಲಾಗಿದೆ. ಈ ಕಾರಣದಿಂದ ಕಾಮಗಾರಿ ಮುಗಿಯುವವರೆಗೆ ಖಾಲಿ ಡಬ್ಬಗಳನ್ನು ಸ್ಥಳದಲ್ಲಿಯೇ ಇಡುವಂತೆ ಗುತ್ತಿಗೆದಾರರಿಗೆ ಮೊದಲೇ ತಿಳಿಸುವುದು ಸೂಕ್ತ. ಒಣಪದರದ ದಪ್ಪವನ್ನು ಅಳೆಯುವ ಅಯಸ್ಕಾಂತದ ಮಾಪಕವೂ ಇದೆ; ದೊಡ್ಡ ಕಾಮಗಾರಿಗಳಲ್ಲಿ ಅದರ ಅಳತೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ಪ್ರತಿ ಲೇಪಕ್ಕೂ ಬೇರೆ ಬಣ್ಣದ ಛಾಯೆ ಕೇಳುವುದು ಹಳೆಯ ಉಪಾಯ: ಎರಡನೆಯ ಲೇಪ ಬಿಟ್ಟುಹೋದಲ್ಲಿ ಮೊದಲನೆಯದು ತಾನೇ ಇಣುಕುತ್ತದೆ.

ವೆಚ್ಚದ ವಿಷಯದಲ್ಲಿ, ಉತ್ತಮ ಪದ್ಧತಿಗೆ ಮೂರು ಪಟ್ಟು ಹಣ ತಗುಲಿ ಅದು ನಾಲ್ಕು ಪಟ್ಟು ಕಾಲ ಬಾಳಿದರೆ ವಾರ್ಷಿಕ ವೆಚ್ಚದಲ್ಲಿ ಅದೇ ಅಗ್ಗ. ಇದಲ್ಲದೆ ಪ್ರತಿ ಸಲದ ಸಾರುವೆ ಕಟ್ಟುವ ಖರ್ಚು ಬಣ್ಣದ ಖರ್ಚನ್ನು ಮೀರುವ ಸಂದರ್ಭಗಳಿವೆ. ಅತಿ ಕಡಿಮೆ ದರದ ಕೊಟೇಶನ್ ನೋಡಿ ಸಂತೋಷಪಡುವ ಮುನ್ನ ಈ ಲೆಕ್ಕವನ್ನು ಹಾಕಿ ನೋಡುವುದು ಒಳಿತು.

ಕಾಲ ಮತ್ತು ಹವೆ

ಗಾಳಿಯ ಆರ್ದ್ರತೆ ಶೇ. 85ನ್ನು ಮೀರಿದಾಗ ಬಣ್ಣ ಹಚ್ಚಬಾರದು. ಉಕ್ಕಿನ ಉಷ್ಣತೆಯು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. 30 ಡಿಗ್ರಿ ಉಷ್ಣತೆ, ಶೇ. 85 ಆರ್ದ್ರತೆಯಲ್ಲಿ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ಅಂದರೆ ಉಕ್ಕು 30 ಡಿಗ್ರಿಗಿಂತ ತಂಪಾಗಿದ್ದರೆ ಕೆಲಸ ಆರಂಭಿಸುವಂತಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿ ಯೋಗ್ಯ. ಬೆಳಗಿನ ಇಬ್ಬನಿ ಆರಿದ ಮೇಲೆ ಆರಂಭಿಸಿ ಸಂಜೆಗೆ ಸಾಕಷ್ಟು ಮೊದಲೇ ನಿಲ್ಲಿಸುವುದು. ಅನುದಾನದ ಲೆಕ್ಕ ಮುಗಿಸುವ ಅವಸರದಲ್ಲಿ ಮಾರ್ಚಿ ಕಡೆಯಲ್ಲಿ ಮಂಜೂರಾದ ಕಾಮಗಾರಿ ಜೂನ್‌ವರೆಗೆ ಎಳೆದು ಮಳೆಯಲ್ಲಿ ಬಣ್ಣ ಕಾಣುವುದುಂಟು. ಅರ್ಜಿದಾರರು ಮಳೆಗಾಲ ಕಳೆಯುವ ಮೊದಲೇ ಅರ್ಜಿ ಸಲ್ಲಿಸಿದರೆ ಒಣ ಹವೆಯ ತಿಂಗಳುಗಳು ಕೆಲಸಕ್ಕೆ ಸಿಗುತ್ತವೆ.

ಬಣ್ಣದ ಅಡಿಯಲ್ಲಿ ಅಡಗುವ ಅಪಾಯ

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಜನರು ಮೃತಪಟ್ಟರು. ನವೀಕರಣದ ನಂತರ ಅದನ್ನು ತೆರೆದು ಕೆಲವೇ ದಿನಗಳಾಗಿದ್ದವು. ಸರ್ಕಾರ ನೇಮಿಸಿದ ವಿಶೇಷ ತನಿಖಾ ತಂಡವು ಮುಖ್ಯ ಹಗ್ಗವೊಂದರ 49 ತಂತಿಗಳಲ್ಲಿ 22 ತಂತಿಗಳು ತುಕ್ಕು ಹಿಡಿದಿದ್ದವೆಂದೂ, ದುರಂತಕ್ಕೆ ಮೊದಲೇ ಅವು ತುಂಡಾಗಿದ್ದಿರಬಹುದೆಂದೂ ವರದಿ ಮಾಡಿತು. ಬಣ್ಣವು ತುಕ್ಕನ್ನು ತಡೆಯಬಲ್ಲದು. ಆಗಿಹೋದ ಸವೆತವನ್ನು ತುಂಬಿಕೊಡಲಾರದು, ಅದನ್ನು ಕಣ್ಣಿನಿಂದ ಮರೆಮಾಡಲು ಮಾತ್ರ ಚೆನ್ನಾಗಿ ಬಲ್ಲದು.

ನಮ್ಮ ರಾಜ್ಯದ ಕರಾವಳಿ ಮತ್ತು ಮಲೆನಾಡಿನ ಅನೇಕ ಹಳ್ಳಿಗಳ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಹೋಗುವುದು ಇಂತಹ ಕಾಲುಸೇತುವೆಗಳ ಮೇಲೆಯೇ. ಹಗ್ಗವು ಲಂಗರು ಕಾಂಕ್ರೀಟಿನೊಳಗೆ ಸೇರುವ ಜಾಗ, ತೂಗುಸರಳಿನ ಹಿಡಿಕೆಯ ಒಳಭಾಗ, ಎರಡು ಆಂಗಲ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ ಸಂದು, ಕಂಬದ ಬುಡದ ಬೇಸ್ ಪ್ಲೇಟ್ ಇವು ಬಣ್ಣದ ಬ್ರಷ್ ತಲುಪದ, ನೀರು ಮಾತ್ರ ತಲುಪುವ ಸ್ಥಳಗಳು. ಹೊಸ ಬಣ್ಣದ ಮೇಲೆ ಕೆಲವೇ ತಿಂಗಳಲ್ಲಿ ಕಂದು ಗೆರೆ ಇಳಿದಿದ್ದರೆ, ಅಥವಾ ಸಂದಿನ ತುಕ್ಕು ಉಬ್ಬಿ ಆಂಗಲ್‌ಗಳನ್ನು ಅಗಲಿಸಿದ್ದರೆ, ಮತ್ತೊಂದು ಲೇಪಕ್ಕೆ ಮನವಿ ಸಲ್ಲಿಸುವುದರಿಂದ ಉಪಯೋಗವಿಲ್ಲ. ತುಕ್ಕನ್ನು ಕೆತ್ತಿ ಉಳಿದ ಉಕ್ಕಿನ ದಪ್ಪವನ್ನು ಅಳೆಯುವಂತೆ, ಸಾಮರ್ಥ್ಯವನ್ನು ಅಭಿಯಂತರರು ದೃಢೀಕರಿಸುವಂತೆ ಕೋರಿ ಅರ್ಜಿ ಸಲ್ಲಿಸತಕ್ಕದ್ದು.

ಹಳೆಯ ಬಣ್ಣ ತೆಗೆಯುವಾಗ

ಹಿಂದೆ ಸೇತುವೆ, ಕಂಬಿ, ಗೇಟುಗಳಿಗೆ ಕೆಂಪು ಸೀಸದ ಪ್ರೈಮರ್ ಬಳಸುತ್ತಿದ್ದರು. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮವು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೈಗಾರಿಕಾ ಬಣ್ಣಗಳು ಅದರ ವ್ಯಾಪ್ತಿಯಲ್ಲಿಲ್ಲ. ಹಳೆಯ ಪದರವನ್ನು ಒಣದಾಗಿ ಉಜ್ಜಿದರೆ ಅಥವಾ ಬೆಂಕಿಯಿಂದ ಸುಟ್ಟರೆ ಸೀಸವು ಧೂಳು, ಹೊಗೆಯಾಗಿ ಹರಡುತ್ತದೆ. ನೀರು ತೇವಮಾಡಿ ಕೆರೆಯುವುದು, ಕೆಳಗೆ ಪ್ಲಾಸ್ಟಿಕ್ ಹಾಸುವುದು, ಮಕ್ಕಳು ಮತ್ತು ಗರ್ಭಿಣಿಯರನ್ನು ದೂರವಿಡುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು. ಶಾಲೆಗಳಲ್ಲಿ ಈ ಕೆಲಸವನ್ನು ರಜಾ ದಿನಗಳಲ್ಲಿ ಮಾತ್ರ ಕೈಗೊಳ್ಳಬೇಕು.

ಅಂದಾಜು ಪಟ್ಟಿಯಲ್ಲಿ ಬರೆಯಬೇಕಾದುದು ಮತ್ತು ಮಾಹಿತಿ ಕೋರುವ ಬಗೆ

‘ಎರಡು ಲೇಪ ಬಣ್ಣ’ ಎಂಬುದರ ಬದಲು ಮೇಲ್ಮೈ ಸಿದ್ಧತೆಯ ವಿಧಾನ, ಪ್ರತಿ ಪದರದ ಬಣ್ಣದ ಜಾತಿ, ಅದರ ಒಣಪದರದ ದಪ್ಪ ಮೈಕ್ರಾನ್‌ಗಳಲ್ಲಿ, ಒಟ್ಟು ಚದರ ಮೀಟರ್ ಇವುಗಳನ್ನು ನಮೂದಿಸುವುದು. ಉಕ್ಕಿನ ರಚನೆಗಳ ಸಂಹಿತೆ ಐ.ಎಸ್. 800ರ 2007ರ ಆವೃತ್ತಿಯಲ್ಲಿ ಬಾಳಿಕೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. ಕಟ್ಟಡಗಳ ಕಬ್ಬಿಣದ ಭಾಗಗಳಿಗೆ ಬಣ್ಣ ಹಚ್ಚುವ ಕ್ರಮವನ್ನು ಐ.ಎಸ್. 1477 ತಿಳಿಸುತ್ತದೆ. ‘15 ವರ್ಷ ಬಾಳಿಕೆ’ ಎಂಬ ತಯಾರಕರ ಮಾತನ್ನು ಖಾತರಿಯೆಂದು ಭಾವಿಸಬಾರದು. ಮಾನಕದಲ್ಲಿ ಬಾಳಿಕೆಯೆಂದರೆ ಮೊದಲ ದೊಡ್ಡ ಮರುಲೇಪನದವರೆಗಿನ ನಿರೀಕ್ಷಿತ ಅವಧಿ ಮಾತ್ರ. ಖಾತರಿ ಬೇಕಿದ್ದಲ್ಲಿ ಅದನ್ನು ಒಪ್ಪಂದದಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಸರ್ಕಾರಿ ರಚನೆಗಳಿಗೆ ಸಂಬಂಧಿಸಿದಂತೆ, ಮಾಹಿತಿ ಹಕ್ಕು ಅಧಿನಿಯಮ 2005ರ 2(ಜೆ) ಪ್ರಕರಣದ ಮೇರೆಗೆ ನಾಗರಿಕರು ದಾಖಲೆಗಳ ಪ್ರತಿಯನ್ನಷ್ಟೇ ಅಲ್ಲದೆ ಕಾಮಗಾರಿಯ ಪರಿಶೀಲನೆಯನ್ನೂ, ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೋರಬಹುದು. ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತಿರತಕ್ಕದ್ದು, ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ, ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಸೇತುವೆಯ ಹೆಸರು, ಗ್ರಾಮ, ಕಾಮಗಾರಿಯ ವರ್ಷ ತಿಳಿಸಿ ಈ ಮೂರನ್ನು ಕೇಳಿದರೆ ಸಾಕು: ಅಳತೆ ಪುಸ್ತಕದಲ್ಲಿ ಬಣ್ಣದ ನಮೂದು ಇರುವ ಪುಟಗಳ ಪ್ರತಿ, ಬಣ್ಣ ಖರೀದಿಯ ಬಿಲ್ಲುಗಳ ಪ್ರತಿ, ಕೊನೆಯ ಪರಿಶೀಲನಾ ವರದಿಯ ಪ್ರತಿ.